ತಳ ನೆಗ್ಗಿದ ಪಾತ್ರೆ

ಹೋದ ವಾರ ನನಗೆ ಗಂಟಲು ಕಟ್ಟಿತ್ತು. ಒಂದಚ್ಚು ಬೆಲ್ಲ ಕುಟ್ಟಿ ನೀರಿಗೆ ಹಾಕಿ, ಒಂದು ಚೂರು ಚಕ್ಕೆ ಸೇರಿಸಿ ಕುದಿಯಲು ಇಟ್ಟೆ. ಬೆಲ್ಲ ಕರಗಿ ನೊರೆ ಬರುವ ಹೊತ್ತಿಗೆ ಚಕ್ಕೆಯ ವಾಸನೆ ಮನೆಯೆಲ್ಲ ತುಂಬಿತು. ನಮ್ಮ ಮಂಡ್ಯದ ಕಡೆ ಬೆಲ್ಲದ ನೀರಿಗೆ ಏಲಕ್ಕಿ ಹಾಕುತ್ತಾರೆ, ಶುಂಠಿ ಹಾಕುತ್ತಾರೆ, ಮೆಣಸು ಹಾಕುತ್ತಾರೆ. ಚಕ್ಕೆ ಹಾಕುವುದಿಲ್ಲ. ಅದನ್ನು ನನಗೆ ಕಲಿಸಿದವರು ಮಲೇಷ್ಯಾದ ಸುಬಾಂಗ್ ಜಯಾದ ಈ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದಾಕೆ. ಕುದಿಸಿದ ಪಾತ್ರೆಯೂ ಅವರದೇ. ಎರಡು ಹಿಡಿಯ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ತಳದ ಅಂಚೆಲ್ಲ ನೆಗ್ಗಿಹೋಗಿದೆ. ಒಲೆಯ ಮೇಲೆ ನೆಟ್ಟಗೆ ಕೂರುವುದಿಲ್ಲ, ನೀರು ಮರಳಿದರೆ ಟಕಟಕ ಕುಣಿಯುತ್ತದೆ. ಇದನ್ನು ಎಸೆಯೋಣ ಎಂದು ನನ್ನ ಗಂಡ ಎಷ್ಟೋ ಸಲ ಹೇಳಿದ್ದಾರೆ. ನಾನು ಕಿವಿಗೆ ಹಾಕಿಕೊಂಡಿಲ್ಲ.

ಆ ಪಕ್ಕದ ಮನೆಯಾಕೆ ಕೊಲಂಬಿಯಾದವರು. ಕಾಲಿ ಎಂಬ ಊರಿನವರು. ಇಲ್ಲಿ ಒಂದು ಸಣ್ಣ ಭಾಷಾ ತರಗತಿಯಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದರು. ಐವತ್ತು ದಾಟಿದ, ಗಟ್ಟಿ ದನಿಯ, ಲಿಫ್ಟಿನಲ್ಲಿ ಸಿಕ್ಕಿದವರನ್ನೆಲ್ಲ ಮಾತಾಡಿಸುವ ಹೆಂಗಸು. ಕೊಲಂಬಿಯಾ ಎಂದೊಡನೆ ಎದುರಿಗಿದ್ದವರ ಮುಖದಲ್ಲಿ ಏನು ಮೂಡುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ನನಗೂ ಮೊದಲ ದಿನವೇ ಹೇಳಿದರು: "ಹೌದು, ಕಾಫಿ. ಹೌದು, ನಿಮ್ಮ ಮನಸ್ಸಿನಲ್ಲಿರುವ ಆ ಇನ್ನೊಂದು ಪುಡಿಯೂ ಹೌದು. ಆಯಿತಾ? ಈಗ ಬೇರೆ ಏನಾದರೂ ಮಾತಾಡೋಣ." ನಾನು ಕಾಫಿ ಎನ್ನುವುದಕ್ಕೇ ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ.

ಅವರಿಗೆ ಒಬ್ಬನೇ ಮಗ. ಗಂಡ ಎಂದೋ ಬಿಟ್ಟುಹೋಗಿದ್ದ, ಆ ವಿಷಯ ಅವರು ಎತ್ತುತ್ತಿರಲಿಲ್ಲ. ಮಗ ಕಾಲಿಯಲ್ಲಿ ಅವರದೇ ಮೂರನೇ ಮಹಡಿಯ ಮನೆಯಲ್ಲಿ ಒಬ್ಬನೇ ಇದ್ದ. ಅವನನ್ನು ಇಲ್ಲಿಗೆ ಕರೆಸಿಕೊಳ್ಳುವುದೇ ಅವರ ಬದುಕಿನ ಏಕೈಕ ಕೆಲಸವಾಗಿತ್ತು. ಅಲ್ಲಿಯ ಗಲಾಟೆ, ಅಲ್ಲಿಯ ಬೀದಿ, ಅಲ್ಲಿಯ ಗೆಳೆಯರು ಯಾವುದೂ ಬೇಡ, ಇಲ್ಲಿ ಬಂದು ಓದಲಿ. ಹತ್ತಿರದ ಕಾಲೇಜಿನಲ್ಲಿ ಸೀಟೂ ಸಿಕ್ಕಿತ್ತು. ಅವನಿಗೆಂದು ಒಳಕೋಣೆಗೆ ಮಂಚ ಹಾಕಿಸಿ, ನೀಲಿ ಹೊದಿಕೆ ಹೊದಿಸಿ, ನನ್ನನ್ನು ಕರೆದು ತೋರಿಸಿದ್ದರು. ಮರುತಿಂಗಳು ಅವನು ಹೊರಡಬೇಕಿತ್ತು. ಅಷ್ಟರಲ್ಲಿ ಕೊರೋನಾ ಬಂತು, ಮಲೇಷ್ಯಾ ಬಾಗಿಲು ಹಾಕಿಕೊಂಡಿತು.

ಅದೇ ಹೊತ್ತಿಗೆ ನನ್ನ ಅಮ್ಮನೂ ಇಲ್ಲಿ ಸಿಕ್ಕಿಹಾಕಿಕೊಂಡಳು. ಮಂಡ್ಯದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದವಳು ಮಗಳ ಮನೆ ನೋಡಿಕೊಂಡು ಹೋಗೋಣ ಎಂದು ಬಂದಿದ್ದಳು. ವಿಶೇಷ ವಿಮಾನ ಬಿಟ್ಟಾಗ ಹೋಗಬಹುದಿತ್ತು. ಹೋದ ಮೇಲೆ ಎಲ್ಲೋ ಹೋಟೆಲಿನಲ್ಲಿ ಒಬ್ಬಳನ್ನೇ ಕೂರಿಸುತ್ತಾರಂತೆ ಎಂದು ಕೇಳಿ, ತಾನು ಇಲ್ಲಿಯೇ ಇರುವುದಾಗಿ ಹೇಳಿಬಿಟ್ಟಳು.

ಇವರಿಬ್ಬರ ಸ್ನೇಹ ಶುರುವಾಗಿದ್ದು ಬೆಲ್ಲದಿಂದ. ಬ್ರಿಕ್‌ಫೀಲ್ಡ್ಸ್‌ನ ಭಾರತೀಯ ಅಂಗಡಿಯಿಂದ ತರಿಸಿದ್ದ ನಮ್ಮ ಸಾಮಾನಿನ ಡಬ್ಬವನ್ನು ತಂದವನು ತಪ್ಪಿ ಅವರ ಬಾಗಿಲಲ್ಲಿ ಇಟ್ಟುಹೋಗಿದ್ದ. ಹೊಡೆಯುವುದೊಂದು ಬಾಕಿ ಎಂಬಷ್ಟು ಸಿಟ್ಟಿನಲ್ಲಿ ನಾನು ಅಂಗಡಿಗೆ ಫೋನು ಮಾಡುತ್ತಿದ್ದಾಗ, ಅವರು ಡಬ್ಬ ಹೊತ್ತು ತಂದರು. ಬೆಲ್ಲದ ಪೊಟ್ಟಣವನ್ನು ಮೂಗಿಗೆ ಒತ್ತಿಕೊಂಡಿದ್ದರು, ಕಣ್ಣಲ್ಲಿ ನೀರು. "ಪಾನೆಲಾ," ಎಂದರು. "ಇದು ನಮ್ಮ ಪಾನೆಲಾ. ಇದು ನಿಮ್ಮ ಮನೆಗೆ ಹೇಗೆ ಬಂತು?" ಅವರ ಊರಿನ ಸುತ್ತಲೂ ಕಬ್ಬಿನ ಗದ್ದೆಯಂತೆ, ಆಲೆಮನೆಯಂತೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಸಿ ಅಚ್ಚಿಗೆ ಸುರಿಯುತ್ತಾರಂತೆ. ನಾನು ಅಮ್ಮನಿಗೆ ಹೇಳಿದೆ. ಅಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ಇವ್ಳು ನಮ್ ಕಡೇಳೇ ಬುಡು," ಎಂದಳು. ಅಂದಿನಿಂದ ಇವಳ ಕನ್ನಡ ಅವರಿಗೆ, ಅವರ ಸ್ಪ್ಯಾನಿಷ್ ಇವಳಿಗೆ. ಬಾಲ್ಕನಿಯ ಮೋಟು ಗೋಡೆಗೆ ಆತು ನಿಂತು ಗಂಟೆಗಟ್ಟಲೆ ಹರಟುತ್ತಿದ್ದರು. ಏನು ಮಾತಾಡಿದಿರಿ ಎಂದು ನಾನು ಕೇಳಿದರೆ ಇಬ್ಬರೂ ವಿವರವಾಗಿ ಹೇಳುತ್ತಿದ್ದರು. ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ.

ಅವರು ತಮ್ಮ ದೇಶವನ್ನು ಬಯ್ಯುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ, ಆದರೆ ಬೇರೆಯವರು ಬಯ್ದರೆ ಬಿಡುತ್ತಿರಲಿಲ್ಲ. ಕೊರೋನಾದ ಮೊದಲ ವರ್ಷ ಅಲ್ಲಿ ಊಟವಿಲ್ಲದ ಮನೆಗಳವರು ಕಿಟಕಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಬೀದಿಯುದ್ದಕ್ಕೂ ಕೆಂಪು ಬಟ್ಟೆಗಳು ಹಾರಾಡುವ ಚಿತ್ರವನ್ನು ಅವರು ನನಗೆ ತೋರಿಸಿದ್ದರು. ಎರಡನೆಯ ವರ್ಷ ಇಲ್ಲಿಯೂ ಕಷ್ಟದಲ್ಲಿದ್ದವರು ಬಿಳಿ ಬಾವುಟ ಹಾಕತೊಡಗಿದಾಗ, "ಇಲ್ಲಿ ಬಾವುಟ ಹಾಕಿದರೆ ಯಾರೋ ಅಕ್ಕಿ ತಂದುಕೊಡುತ್ತಾರೆ. ನಮ್ಮಲ್ಲಿ ಮೊದಲು ಪೊಲೀಸರು ಬರುತ್ತಾರೆ," ಎಂದರು. ನಕ್ಕುಕೊಂಡೇ ಹೇಳಿದ್ದರು. ಆ ಹೊತ್ತಿಗೆ ಅವರ ತರಗತಿ ಮುಚ್ಚಿ ತುಂಬಾ ಕಾಲವಾಗಿತ್ತು. ಅಮ್ಮ ದಿನವೂ ಏನಾದರೊಂದು ಹೆಚ್ಚಾಗಿ ಮಾಡಿ, "ಉಳಿದೋಗೈತೆ, ಕೊಟ್ಬುಡು," ಎಂದು ನನ್ನ ಕೈಲಿ ಕಳಿಸುತ್ತಿದ್ದಳು.

ಆ ಎರಡನೆಯ ವರ್ಷದಲ್ಲೇ ಕೊಲಂಬಿಯಾ ಹೊತ್ತಿಕೊಂಡಿದ್ದು. ಜನ ಮೊದಲೇ ಸೋತಿದ್ದರು, ಅದರ ಮೇಲೆ ಹೊಸ ತೆರಿಗೆ ಎಂದರು. ಊರೂರೇ ಬೀದಿಗಿಳಿಯಿತು. ಎಲ್ಲಕ್ಕಿಂತ ಹೆಚ್ಚು ಬೆಂಕಿ ಇದ್ದಿದ್ದು ಕಾಲಿಯಲ್ಲಿ. ರಸ್ತೆ ತಡೆ, ಗುಂಡು, ಸಾವು... ಮಗ ಫೋನಿನಲ್ಲಿ ತಾನೂ ಇಳಿಯುತ್ತೇನೆ ಎಂದ. ಓದಿಗೆ ಕರೆಯದ ಮಲೇಷ್ಯಾಕ್ಕೆ ಎಷ್ಟು ದಿನ ಕಾಯಲಿ, ಇಲ್ಲಿ ನನ್ನ ಜೊತೆಯವರೆಲ್ಲ ಬೀದಿಯಲ್ಲಿದ್ದಾರೆ ಎಂದನಂತೆ. ಇವರು ಅತ್ತರು, ಬಯ್ದರು, ಸತ್ತುಹೋಗುತ್ತೇನೆ ಎಂದು ಹೆದರಿಸಿದರು. ಯಾವುದಕ್ಕೂ ಅವನು ಬಗ್ಗದೆ ಹೋದಾಗ ಒಂದು ಒಪ್ಪಂದ ಮಾಡಿಕೊಂಡರು.

ಅವರ ದೇಶದಲ್ಲಿ ಜನಕ್ಕೆ ಸಿಟ್ಟು ಬಂದರೆ ಸಂಜೆ ಮನೆಮನೆಯ ಬಾಲ್ಕನಿಯಲ್ಲಿ ನಿಂತು ಪಾತ್ರೆ ಬಡಿಯುತ್ತಾರೆ. ನೀನು ಬಾಲ್ಕನಿಯಲ್ಲಿ ನಿಂತು ಬಡಿ, ಕೆಳಗೆ ಇಳಿಯಬೇಡ. ನಾನೂ ಇಲ್ಲಿ ಬಾಲ್ಕನಿಯಲ್ಲಿ ನಿಂತು ಬಡಿಯುತ್ತೇನೆ. ನಾನು ಬಡಿಯುತ್ತಿರುವವರೆಗೆ ನೀನು ಮೇಲೇ ಇರಬೇಕು. ಮಗ ಒಪ್ಪಿದ. ಅವರ ತಾಯಿಯ ಕಾಲದ ಒಂದು ಜೊತೆ ಪಾತ್ರೆಗಳಿದ್ದವು. ಒಂದನ್ನು ಇವರು ಬರುವಾಗ ತಂದಿದ್ದರು, ಇನ್ನೊಂದು ಅವನ ಹತ್ತಿರವಿತ್ತು. ಅಲ್ಲಿ ಸಂಜೆ ಬಡಿಯುವ ಹೊತ್ತು ಇಲ್ಲಿ ಮರುದಿನ ಬೆಳಿಗ್ಗೆ, ನಾವು ತಿಂಡಿಗೆ ಕೂರುವ ಸಮಯ.

ಮೊದಲ ದಿನ ನಾನು ಬೆಚ್ಚಿಬಿದ್ದೆ. ಇವರು ಫೋನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಪಾತ್ರೆ ಬೋರಲು ಹಾಕಿ ಮರದ ಸೌಟಿನಲ್ಲಿ ಬಡಿಯುತ್ತಿದ್ದರು. ಫೋನಿನೊಳಗೂ ಸಾವಿರ ಪಾತ್ರೆಗಳ ಸದ್ದು. ಅಮ್ಮ ಇಡ್ಲಿ ಬಿಟ್ಟು ಎದ್ದು ಬಂದಳು. ಹಿಂದಿನ ವರ್ಷ ಮಂಡ್ಯದಲ್ಲಿ ತಮ್ಮನ ಬೀದಿಯವರೆಲ್ಲ ತಟ್ಟೆ ಬಡಿದಿದ್ದನ್ನು ಅವಳು ಫೋನಿನಲ್ಲಿ ನೋಡಿದ್ದಳು.

"ಕೊರೋನಾ ಓಡ್ಸಕೆ ಬಡೀತಾವ್ಳಾ?" ಎಂದಳು.

"ಅಲ್ಲಮ್ಮ. ಅವರ ದೇಶದಲ್ಲಿ ಸರ್ಕಾರಕ್ಕೆ ಕೇಳಿಸಲಿ ಅಂತ ಹೀಗೆ ಬಡೀತಾರಂತೆ."

"ಸರ್ಕಾರ ಅಲ್ಲೈತೆ. ಇವ್ಳು ಇಲ್ಲಿ ಬಡುದ್ರೆ ಯಾವನಿಗ್ ಕೇಳ್ತದೆ?"

ನಾನು ಮಗನ ವಿಷಯ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಅಂದ್ರೆ ಹೈದ ಮಹಡಿ ಮ್ಯಾಲೇ ಇರ್ಲಿ ಅಂತವಾ?" ಎಂದಳು. ಹೌದು ಎಂದೆ.

ಮೂರ್ನಾಲ್ಕು ದಿನಕ್ಕೇ ದೂರು ಹೋಯಿತು. ಮನೆಯಿಂದಲೇ ಕೆಲಸ ಮಾಡುವವರು, ಆನ್‌ಲೈನ್ ಪಾಠದ ಮಕ್ಕಳು, ಬೆಳಿಗ್ಗೆ ಬೆಳಿಗ್ಗೆ ಈ ಗದ್ದಲ ಯಾರು ಸಹಿಸುತ್ತಾರೆ? ತಪ್ಪು ಅವರದೂ ಅಲ್ಲ. ಕಟ್ಟಡದ ಆಫೀಸಿನಿಂದ ಒಬ್ಬ ತಮಿಳು ಹೆಂಗಸು ಮಾಸ್ಕಿನ ಮೇಲೊಂದು ಮಾಸ್ಕು ಹಾಕಿಕೊಂಡು ಬಂದರು. "ಕೆನಾಟ್ ಲಾ, ಸಿಸ್ಟರ್. ಟುಮಾರೋ ಸ್ಟಾಪ್. ಇಫ್ ನಾಟ್, ಫೈನ್," ಎಂದರು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಏನೇನೋ ಬೇಡಿಕೊಂಡರು. ತಾನು ನಿಲ್ಲಿಸಿದರೆ ಮಗ ಬೀದಿಗಿಳಿಯುತ್ತಾನೆ ಎಂಬುದನ್ನು ಒಂದು ಅಪಾರ್ಟ್‌ಮೆಂಟಿನ ಆಫೀಸಿಗೆ ಹೇಗೆ ಅರ್ಥ ಮಾಡಿಸುವುದು? ಆ ಹೆಂಗಸು ಹೋದ ಮೇಲೆ ಅವರು ಬಾಗಿಲಲ್ಲೇ ಕುಸಿದು ಕೂತರು. ಅಂಥ ಗಟ್ಟಿ ಹೆಂಗಸು ಹಾಗೆ ಕೂತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ಬೆಳಿಗ್ಗೆ ನಾನು ತಿಂಡಿಗೆ ಅಣಿ ಮಾಡುತ್ತಿದ್ದೆ. ಅಮ್ಮ ಸ್ನಾನ ಮಾಡಿ, ಕುಂಕುಮ ಇಟ್ಟು, ದೇವರ ಗೂಡಿನಿಂದ ಜಾಗಟೆ ಎತ್ತಿಕೊಂಡು ಬಾಲ್ಕನಿಗೆ ಹೋದಳು. ಗೋಡೆಯಾಚೆ ಪಾತ್ರೆ ಹಿಡಿದು ಬಡಿಯಲೋ ಬೇಡವೋ ಎಂದು ನಿಂತಿದ್ದವರಿಗೆ, "ಬಡಿ ಮಗ, ಬಡಿ. ನಾನಿವ್ನಿ," ಎಂದು, ತಾನೇ ಮೊದಲು ಢಣ್ ಎನ್ನಿಸಿದಳು. ಆಫೀಸಿನ ಹೆಂಗಸು ಓಡೋಡಿ ಬಂದಾಗ ಅಮ್ಮನ ಎದುರಿಗೆ ಕರ್ಪೂರ ಉರಿಯುತ್ತಿತ್ತು.

"ಎನ್ನ ಆಂಟಿ, ಪ್ರೇಯರ್ ಆ?"

"ಪೂಜೆ ಕಣವ್ವ. ದಿನಾ ಪೂಜೆ," ಎಂದಳು ಅಮ್ಮ, ಕೈ ನಿಲ್ಲಿಸದೆ.

"ಆ ಸಿಸ್ಟರೂ?"

"ಅವ್ಳೂ ನಮ್ಮೋಳೇ."

ಬೇರೆಯವರ ದೇವರ ತಂಟೆಗೆ ಹೋಗುವ ಧೈರ್ಯ ಈ ದೇಶದಲ್ಲಿ ಯಾವ ಆಫೀಸಿಗೂ ಇಲ್ಲ. "ಪ್ರೇಯರ್ ಆ, ಓಕೆ ಲಾ. ಬಟ್ ಡೂ ಶಾರ್ಟ್ ಶಾರ್ಟ್, ಆಂಟಿ," ಎಂದು ಕೈಮುಗಿದು, ಒಂದು ಚಿಟಿಕೆ ಕುಂಕುಮವನ್ನೂ ಇಟ್ಟುಕೊಂಡು ಹೋದರು. ಹೀಗೆ ಕೊಲಂಬಿಯಾದ ಸರ್ಕಾರದ ಮೇಲಿನ ಸಿಟ್ಟು ಸುಬಾಂಗ್ ಜಯಾದಲ್ಲಿ ನಮ್ಮಮ್ಮನ ಮಂಗಳಾರತಿಯಾಯಿತು. ಫೋನಿನಲ್ಲಿ ಆ ಹುಡುಗ ಬಿದ್ದು ಬಿದ್ದು ನಗುತ್ತಿದ್ದ. ಗುಂಗುರು ಕೂದಲು, ತಾಯಿಯದೇ ಹಲ್ಲು. "ಗ್ರಾಸಿಯಾಸ್, ಅಮ್ಮಾ!" ಎಂದು ಸ್ಪ್ಯಾನಿಷಿನಲ್ಲೇ ಧನ್ಯವಾದ ಕೂಗುತ್ತಿದ್ದ. ಅಮ್ಮ ಅವನಿಗೆ ಜಾಗಟೆಯ ಕೋಲು ತೋರಿಸಿ, "ಕೆಳೀಕ್ ಇಳುದ್ರೆ ಕಾಲ್ ಮುರೀತೀನಿ," ಎನ್ನುತ್ತಿದ್ದಳು. ಅದು ಯಾವ ಅನುವಾದವೂ ಇಲ್ಲದೆ ಅವನಿಗೆ ಅರ್ಥವಾಗುತ್ತಿತ್ತು.

ಆ ವಾರಗಳಲ್ಲೇ ಮಂಡ್ಯದಲ್ಲಿ ನನ್ನ ತಮ್ಮನಿಗೆ ಜ್ವರ ಬಂತು. ಊರಿನಲ್ಲಿ ಆಗ ಏನು ನಡೆಯುತ್ತಿತ್ತು ಎಂಬುದನ್ನು ಹೇಳಬೇಕಾಗಿಲ್ಲ. ಹಾಸಿಗೆ ಇಲ್ಲ, ಆಕ್ಸಿಜನ್ ಇಲ್ಲ... ಅವನ ಹೆಂಡತಿ ಯಾರ ಯಾರ ಕಾಲೋ ಹಿಡಿದು ಅವನನ್ನು ಆಸ್ಪತ್ರೆಗೆ ಸೇರಿಸಿದಳು. ಅಮ್ಮ ಊಟ ಬಿಟ್ಟಳು. ಬೆಳಿಗ್ಗೆ ಮಾತ್ರ ತಪ್ಪದೆ ಜಾಗಟೆ ಹಿಡಿದು ಹೋಗುತ್ತಿದ್ದಳು. ಬಾಲ್ಕನಿಯಲ್ಲಿ ಎರಡು ತಾಯಂದಿರು, ಕೈಗೆ ಎಟುಕದ ಎರಡು ಮಕ್ಕಳು. ನನಗೆ ದೇವರ ಮೇಲೆ ಅಂಥ ನಂಬಿಕೆಯೇನೂ ಇಲ್ಲ. ಆದರೂ ಆ ಸದ್ದು ನಿಂತ ಕೂಡಲೇ ಮಂಡ್ಯಕ್ಕೆ ಫೋನು ಮಾಡುತ್ತಿದ್ದೆ.

ಒಂದು ದಿನ ಬಡಿಯುವುದು ಇನ್ನೇನು ಮುಗಿಯಬೇಕಿತ್ತು. ಹುಡುಗ ಫೋನಿನಲ್ಲಿ ಏನೋ ಹೇಳಿದ. ಇವರು ಬೇಡ ಬೇಡ ಎಂದು ತಲೆಯಾಡಿಸಿದರು. ಅವನು ನಕ್ಕು, ಪಾತ್ರೆಯನ್ನು ಎತ್ತಿ ತೋರಿಸಿ, ಮತ್ತೇನೋ ಹೇಳಿ ಫೋನಿಟ್ಟ. ಏನಂತೆ ಎಂದು ಕೇಳಿದೆ. ಕೆಳಗೆ ಮೂಲೆಯಲ್ಲಿ ಹೆಂಗಸರು ಸೇರಿ ಬೀದಿಯಲ್ಲಿದ್ದ ಹುಡುಗರಿಗೆಲ್ಲ ಒಂದೇ ಒಲೆಯಲ್ಲಿ ಸಾರು ಮಾಡುತ್ತಿದ್ದರಂತೆ. ದೊಡ್ಡ ಪಾತ್ರೆ ಸಾಲದೆ ಮೇಲಕ್ಕೆ ಕೂಗಿ ಕೇಳಿದರಂತೆ.

"ಪಾತ್ರೆ ಕೊಟ್ಟು ಬಂದುಬಿಡುತ್ತೇನೆ ಎಂದ," ಎಂದರು. "ಕೊಟ್ಟು ಬರುವುದಕ್ಕೆ ಎಷ್ಟು ಹೊತ್ತು?" ನನ್ನನ್ನೇ ಕೇಳುವಂತೆ ಕೇಳಿದರು. ಅಮ್ಮ ಜಾಗಟೆ ಕೆಳಗಿಡದೆ ನಿಂತೇ ಇದ್ದಳು.

ಅವನು ಮತ್ತೆ ಫೋನು ಮಾಡಲಿಲ್ಲ. ಮಧ್ಯಾಹ್ನದವರೆಗೆ ರಿಂಗಾಗುತ್ತಿತ್ತು, ಆಮೇಲೆ ಸ್ವಿಚ್ ಆಫ್. ಆ ಮೂಲೆಯಲ್ಲಿ ಗುಂಡು ಹಾರಿತು, ಜನ ದಿಕ್ಕಾಪಾಲಾದರು ಎಂದಷ್ಟೇ ತಿಳಿಯಿತು. ಗೆಳೆಯರು ಆಸ್ಪತ್ರೆ, ಠಾಣೆ, ಕೊನೆಗೆ ಶವಾಗಾರ ಎಲ್ಲ ಅಲೆದರು. ಎಲ್ಲಿಯೂ ಇಲ್ಲ. ಸತ್ತ ಎಂದು ಹೇಳುವವರಿಲ್ಲ, ಇದ್ದಾನೆ ಎಂದು ಹೇಳುವವರೂ ಇಲ್ಲ. ಇವರಿಗೆ ಹೊರಡಲು ದಾರಿಯಿರಲಿಲ್ಲ. ಕೆಲಸದ ಪಾಸಿನ ಅವಧಿ ಮುಗಿದಿತ್ತು, ಕಚೇರಿಗಳು ಮುಚ್ಚಿದ್ದವು, ಸಿಕ್ಕ ವಿಮಾನ ರದ್ದಾಗುತ್ತಿತ್ತು. ಇಡೀ ದಿನ ಫೋನು ಹಿಡಿದು ಸ್ಪ್ಯಾನಿಷಿನಲ್ಲಿ ಬೇಡುವ, ಕಿರುಚುವ ದನಿ ಗೋಡೆಯಾಚೆಯಿಂದ ಕೇಳುತ್ತಿತ್ತು...

ಬೆಳಿಗ್ಗೆ ಮಾತ್ರ ಬಾಲ್ಕನಿಗೆ ಬರುತ್ತಿದ್ದರು. ಸ್ವಿಚ್ ಆಫ್ ಆದ ಆ ನಂಬರಿಗೆ ಫೋನು ಹಚ್ಚಿ, ಗೋಡೆಗೆ ಆನಿಸಿ, ಬಡಿಯುತ್ತಿದ್ದರು. ನಾನು ಬಡಿಯುತ್ತಿರುವವರೆಗೆ ನೀನು ಮೇಲೇ ಇರಬೇಕು ಎಂಬ ಮಾತು ಅವರ ಮಟ್ಟಿಗೆ ಇನ್ನೂ ಮುರಿದಿರಲಿಲ್ಲ. ಮರದ ಸೌಟು ಸೀಳಿತು, ಕಬ್ಬಿಣದ್ದು ಹಿಡಿದರು. ಪಾತ್ರೆಯ ತಳ ನೆಗ್ಗಿದ್ದು ಆಗ. ಮತ್ತೆ ದೂರು ಬಂತು, ಮೇಲಿನ ಮನೆಯವರೊಬ್ಬರು ಇಣುಕಿ ಬೈದರು. ಅಮ್ಮ ತಲೆಯೆತ್ತಿಯೂ ನೋಡಲಿಲ್ಲ. ಕೊನೆಗೆ ನಾನೂ ಒಂದು ತಟ್ಟೆ ಹಿಡಿದು ಹೋದೆ. ನನ್ನ ಇಂಗ್ಲಿಷ್, ನನ್ನ ಓದು, ನನ್ನ ಸಮಾಧಾನದ ಮಾತು ಯಾವುದೂ ಕೆಲಸಕ್ಕೆ ಬಾರದ ಹೊತ್ತು ಅದು. ತಟ್ಟೆ ಬಡಿಯುವುದೊಂದು ಆಗುತ್ತಿತ್ತು.

ಇದರ ನಡುವೆ ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ. ಸೊರಗಿ ಕಡ್ಡಿಯಾಗಿದ್ದ, ಆದರೆ ಬಂದ. ಫೋನಿನಲ್ಲಿ ಅವನ ಮುಖ ಕಂಡಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ ನನಗೆ ಹೇಳಿದಳು: "ಪಕ್ಕದ್ ಮನೇಗ್ ಕೇಳೋ ಹಂಗೆ ಒಂದ್ ಮಾತೂ ಆಡ್ಬ್ಯಾಡ." ಹರಕೆ ಹೊತ್ತಿದ್ದ ಪಾಯಸ ಮಾಡಲಿಲ್ಲ. ಮರುದಿನ ಎಂದಿನ ಮುಖ ಹಾಕಿಕೊಂಡೇ ಜಾಗಟೆ ಹಿಡಿದು ಹೋದಳು. ಸಂತೋಷವನ್ನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡು ನಾವು ಒಂದೆರಡು ದಿನ ಓಡಾಡಿದೆವು.

ಆದರೆ ಗೋಡೆ ತೆಳುವಾಗಿತ್ತು, ನನ್ನ ಗಂಡ ಯಾರಿಗೋ ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದು ಆಚೆಗೆ ಕೇಳಿಸಿತ್ತು. ಒಂದು ಸಂಜೆ ಬಾಗಿಲು ತಟ್ಟಿದ ಸದ್ದು. ಅವರು ನಿಂತಿದ್ದರು, ತಲೆ ಬಾಚಿಕೊಂಡಿದ್ದರು, ಕೈಯಲ್ಲಿ ಅದೇ ಪಾತ್ರೆ. ಅದರ ತುಂಬಾ ಬಿಸಿ ಬೆಲ್ಲದ ನೀರು, ಚಕ್ಕೆ ಹಾಕಿದ್ದು. ಅವರ ದೇಶದಲ್ಲಿ ಕಾಯಿಲೆಯಿಂದ ಎದ್ದವರ ಮನೆಗೆ ಇದನ್ನು ಒಯ್ಯುತ್ತಾರಂತೆ. "ಅಮ್ಮನ ಮಗ ಮನೆಗೆ ಬಂದನಂತೆ. ಯಾಕೆ ಹೇಳಲಿಲ್ಲ?" ಎಂದು ನನ್ನನ್ನು ಕೇಳಿದರು. ಸಿಟ್ಟು ನಿಜವಾಗಿಯೂ ಬಂದಿತ್ತು. "ಒಬ್ಬನಾದರೂ ಮನೆಗೆ ಬಂದನಲ್ಲ. ನಾನು ಕುಡಿಯಬಾರದಾ?" ಮೂವರೂ ಅಡುಗೆಮನೆಯಲ್ಲಿ ನಿಂತು ಲೋಟದಲ್ಲಿ ಕುಡಿದೆವು. ಅಮ್ಮ ಅವರ ತಲೆ ಸವರುತ್ತಲೇ ಇದ್ದಳು. ಅಷ್ಟು ಒಳ್ಳೆಯ ಮನುಷ್ಯರನ್ನು ನಾನು ಮುಂದೆ ನೋಡಲಿಲ್ಲ, ಅಷ್ಟು ಕಹಿಯಾದ ಬೆಲ್ಲದ ನೀರನ್ನೂ ಕುಡಿದಿಲ್ಲ.

ಆ ವರ್ಷದ ಕೊನೆಗೆ ಅವರಿಗೆ ಹೊರಡಲು ಅನುಮತಿ ಸಿಕ್ಕಿತು. ಹೋದರೆ ಮತ್ತೆ ಬರಲಾಗದು ಎಂಬುದು ಗೊತ್ತಿತ್ತು. ನೀಲಿ ಹೊದಿಕೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿಕೊಂಡರು. ಪಾತ್ರೆಯನ್ನು ಅಮ್ಮನ ಕೈಗೆ ಕೊಟ್ಟರು. "ಅಲ್ಲಿ ಅವನ ಹತ್ತಿರ ಇನ್ನೊಂದಿದೆಯಲ್ಲ," ಎಂದರು. ಅಮ್ಮನಿಗೆ ನಾನು ಅನುವಾದ ಮಾಡಲು ಹೋಗಿ ಅರ್ಧಕ್ಕೇ ಬಿಟ್ಟೆ. ಲಿಫ್ಟಿನ ಬಾಗಿಲು ಮುಚ್ಚುವವರೆಗೆ ಅವರು ಕೈಬೀಸುತ್ತಿದ್ದರು.

ಮೊದಮೊದಲು ಮೆಸೇಜು ಬರುತ್ತಿತ್ತು. ಮಗನ ಫೋಟೋ ಕೊರಳಿಗೆ ಹಾಕಿಕೊಂಡು ಬೀದಿ ಬೀದಿ ತಿರುಗುತ್ತಿದ್ದೇನೆ, ನನ್ನಂಥ ತಾಯಂದಿರು ಇಲ್ಲಿ ಬಹಳ ಇದ್ದಾರೆ ಎಂದು ಬರೆದಿದ್ದರು. ಆಮೇಲೆ ಒಂದು ದಿನ ಒಂದು ಫೋಟೋ ಬಂತು, ಕೆಳಗೆ ನಾಲ್ಕು ಸಾಲು. ಅವರ ಮನೆಯ ಊಟದ ಮೇಜಿನ ಮೇಲೆ ಎರಡು ಹಿಡಿಯ ಅಲ್ಯೂಮಿನಿಯಂ ಪಾತ್ರೆ ಬೋರಲು ಬಿದ್ದಿತ್ತು. ನಮ್ಮ ಮನೆಯದರ ಹಾಗೆಯೇ ತಳದ ಅಂಚೆಲ್ಲ ನೆಗ್ಗಿತ್ತು. ಗುಂಡು ಹಾರಿದಾಗ ಸಾರು ಮಾಡುತ್ತಿದ್ದ ಹೆಂಗಸರು ಆ ಪಾತ್ರೆಯನ್ನು ಹೊತ್ತು ಓಡಿದ್ದರಂತೆ. ತಿಕ್ಕಿ ತೊಳೆದು, ಯಾರಾದರೂ ಕೇಳಿಕೊಂಡು ಬರುತ್ತಾರೆ ಎಂದು ಇಟ್ಟುಕೊಂಡಿದ್ದರಂತೆ. ಕೊನೆಯ ಸಾಲಿನಲ್ಲಿ ಬರೆದಿದ್ದರು: ಪಾತ್ರೆ ಮೇಲಕ್ಕೆ ಬಂತು.

ಅಷ್ಟರಲ್ಲಿ ಅಮ್ಮ ಮಂಡ್ಯಕ್ಕೆ ಹಿಂತಿರುಗಿದ್ದಳು. ಪ್ರತಿ ಸಲ ಫೋನಿನಲ್ಲಿ ಮೊದಲು ಕೇಳುತ್ತಿದ್ದುದು ಒಂದೇ, "ಆ ಹೈದ ಬಂದ್ನಾ?" ಆ ದಿನವೂ ಕೇಳಿದಳು. ಪಾತ್ರೆ ಸಿಕ್ಕಿತಂತಮ್ಮ ಎಂದೆ.

"ಪಾತ್ರೆ ತಕಂಡ್ ಅವ್ಳು ಏನ್ ಮಾಡಾಳವ್ವಾ..." ಎಂದಳು.

ಅದಾದ ಮೇಲೆ ಅವರಿಂದ ಏನೂ ಬಂದಿಲ್ಲ. ನಾನು ಕಳಿಸಿದ್ದು ಅವರನ್ನು ತಲುಪುತ್ತಿದೆಯೋ ಇಲ್ಲವೋ ಗೊತ್ತಿಲ್ಲ. ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾರೆ. ಅಮ್ಮ ಇನ್ನೂ ಕೇಳುತ್ತಾಳೆ, ನಾನು ಇನ್ನೂ ಇಲ್ಲಮ್ಮ ಎನ್ನುತ್ತೇನೆ. ಹೋದ ವಾರ ಬೆಲ್ಲದ ನೀರು ಮರಳಿ ಪಾತ್ರೆ ಟಕಟಕ ಎನ್ನತೊಡಗಿದಾಗ ಗಂಡ ಒಳಗಿನಿಂದ, "ಆ ಸದ್ದು ಸ್ವಲ್ಪ ನಿಲ್ಲಿಸ್ತೀಯಾ?" ಎಂದು ಕೂಗಿದರು. ನೀರು ಅರ್ಧಕ್ಕೆ ಇಳಿಯುವವರೆಗೂ ನಾನು ಒಲೆ ಆರಿಸಲಿಲ್ಲ.